ಆ 384ನ್ನು ಬಿಟ್ಟು ಊರಿಗೆ ಹೋಗಿ

ಪ್ರಶ್ನೆ: ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಜನ ಟಿವಿ, ಯೂಟ್ಯೂಬ್‌ನಲ್ಲಿ ಏನು ನೋಡುತ್ತಾರೆ ಎಂಬುದು ನನ್ನ ಪಿಎಚ್‌ಡಿ ವಿಷಯ. ವಾಟ್ಸ್ಆ್ಯಪ್ ಗ್ರೂಪ್‌ಗಳಿಗೆ ಗೂಗಲ್ ಫಾರ್ಮ್ ಕಳಿಸಿ 384 ಉತ್ತರ ಪಡೆದಿದ್ದೇನೆ. ಸಾಕಲ್ವಾ ಸರ್?
– ಸಂಶೋಧನಾ ವಿದ್ಯಾರ್ಥಿನಿ, ಶಿಡ್ಲಘಟ್ಟ

ಸಾಲದಮ್ಮ. ಪ್ರತಿ ವರ್ಷ ಇದೇ ಪ್ರಶ್ನೆ, ಇದೇ 384. ಸಮೀಕ್ಷೆಗೆ ಎಷ್ಟು ಜನರನ್ನು ಕೇಳಬೇಕು ಎಂದು ತೋರಿಸಲು ಕ್ರೆಜ್ಸಿ ಮತ್ತು ಮಾರ್ಗನ್ ಎಂಬ ಸಂಶೋಧಕರು 1970ರಲ್ಲಿ ಪ್ರಕಟಿಸಿದ ಕೋಷ್ಟಕದ ಸಂಖ್ಯೆ ಅದು. ಜನಸಂಖ್ಯೆ 10 ಲಕ್ಷವಿದ್ದರೂ 384 ಜನ ಸಾಕು ಎನ್ನುತ್ತದೆ. ಆದರೆ ಚೀಟಿ ಎತ್ತಿದ ಹಾಗೆ ಆರಿಸಿದವರಿಗೆ ಮಾತ್ರ ಆ ಲೆಕ್ಕ. ನಿಮ್ಮ ಗ್ರೂಪಿನಲ್ಲಿರುವವರು ನಿಮ್ಮ ಗೆಳತಿಯರು, ಅವರ ಅಣ್ಣತಮ್ಮಂದಿರು. ಮಗನ ಫೋನು ರಾತ್ರಿ ಮಾತ್ರ ಕೈಗೆ ಸಿಗುವ ತಾಯಿ ಅಲ್ಲಿಲ್ಲ. ಫಾರ್ಮ್ 3,840 ಆದರೂ ಅವರು ಬರುವುದಿಲ್ಲ.

ಮತದಾರರ ಪಟ್ಟಿ ಮತಗಟ್ಟೆವಾರು ಸಿಗುತ್ತದೆ. ಕೆಲವು ಹಳ್ಳಿ ಆರಿಸಿ, ಪಟ್ಟಿಯಲ್ಲಿ ಇಷ್ಟಿಷ್ಟು ಹೆಸರಿಗೊಂದು ಗುರುತು ಹಾಕಿ. ಗುರುತಾದವರನ್ನೇ ಮಾತಾಡಿಸಿ. ಬೀಗ ಹಾಕಿದ್ದರೆ ಇನ್ನೊಂದು ದಿನ ಹೋಗಿ. ಸುಮ್ನೆ ಪಕ್ಕದ ಮನೆಯವರನ್ನು ಕೇಳಿಕೊಂಡು ಬರಬೇಡಿ. ಮನೆಯಲ್ಲಿ ಸಿಗದವರು ನೋಡುವುದೇ ಬೇರೆ ಇರುತ್ತದೆ.

‘ದಿನಕ್ಕೆ ಎಷ್ಟು ಗಂಟೆ ನೋಡ್ತೀರಿ?’ ಎಂದು ಕೇಳಲೇಬೇಡಿ. ಯಾರಿಗೂ ಗೊತ್ತಿರುವುದಿಲ್ಲ, ಬಾಯಿಗೆ ಬಂದದ್ದು ಹೇಳುತ್ತಾರೆ. ನಿನ್ನೆಯ ದಿನವನ್ನು ಬೆಳಗಿನಿಂದ ಹಂತಹಂತವಾಗಿ ಕೇಳಿ. ಡೇರಿಗೆ ಹಾಲು ಹಾಕಿ ಬಂದಮೇಲೆ ಏನು ನೋಡಿದಿರಿ? ಯಾರ ಫೋನಿನಲ್ಲಿ? ಪಕ್ಕದಲ್ಲಿ ಯಾರಿದ್ದರು? ಒಪ್ಪಿದರೆ ಯೂಟ್ಯೂಬ್ ಹಿಸ್ಟರಿ ತೋರಿಸಲು ಹೇಳಿ. ಬಾಯಲ್ಲಿ ಹೇಳಿದ್ದಕ್ಕೂ ಅಲ್ಲಿರುವುದಕ್ಕೂ ಎಷ್ಟು ಅಂತರ ಎಂದು ನೀವೇ ನೋಡುತ್ತೀರಿ. ಒಪ್ಪದಿದ್ದರೆ ಒತ್ತಾಯ ಬೇಡ.

ಎರಡು ವಿಷಯ ನಿಮ್ಮ ಗೈಡ್ ಹೇಳಿರಲಿಕ್ಕಿಲ್ಲ. ಬಾಗೇಪಲ್ಲಿ, ಚಿಂತಾಮಣಿ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಕನ್ನಡದಲ್ಲೇ ಪ್ರಶ್ನೆ ಹಾಕಿದರೆ ಕನ್ನಡ ಚಾನೆಲ್‌ಗಳ ಹೆಸರು ಹೇಳಿ ಕಳಿಸುತ್ತಾರೆ, ಒಳಗೆ ಟಿವಿಯಲ್ಲಿ ತೆಲುಗು ಸೀರಿಯಲ್ ಓಡುತ್ತಿರುತ್ತದೆ. ತೆಲುಗು ಬಲ್ಲವರನ್ನು ಜತೆಗೆ ಕರೆದುಕೊಂಡು ಹೋಗಿ. ಇನ್ನೊಂದು, ರೇಷ್ಮೆ. ಹುಳು ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ವಾರ ಸೊಪ್ಪು ಹಾಕುವುದರಲ್ಲೇ ಮನೆಮಂದಿಯ ದಿನ ಕಳೆಯುತ್ತದೆ. ಆ ವಾರದ ‘ನಿನ್ನೆ’ಗೂ ಗೂಡು ಮಾರಿ ಬಂದ ವಾರದ ‘ನಿನ್ನೆ’ಗೂ ಹೋಲಿಕೆಯೇ ಇಲ್ಲ. ಭೇಟಿಗಳನ್ನು ಒಂದೇ ವಾರಕ್ಕೆ ತುರುಕದೆ ಎರಡು ತಿಂಗಳಿಗೆ ಹಂಚಿ.

ಇಷ್ಟು ಮಾಡಿ 120 ಜನ ಸಿಕ್ಕರೂ ನಾನು ನಂಬುತ್ತೇನೆ. ಅಂಕಿ ಸಣ್ಣದು ಎಂದು ಪ್ರಬಂಧದಲ್ಲೇ ಬರೆಯಿರಿ. ಹಾಗೆಯೇ, ‘ಡೇಟಾ ಸಮೇತ ಥೀಸಿಸ್’ ಮಾಡಿಕೊಡುವ ಅಂಗಡಿಗಳ ಹತ್ತಿರ ಸುಳಿಯಬೇಡಿ. ಅವರು ಮಾರುವುದು ಕೂತಲ್ಲೇ ತುಂಬಿದ ಫಾರ್ಮ್. ಅದು ಕಳ್ಳತನ.

ಪ್ರಶ್ನೆ: ಹಣ ಕೊಟ್ಟರೆ ಮನೆಗೆ ಟಿಆರ್‌ಪಿ ಮೀಟರ್ ಹಾಕಿಸುತ್ತೇನೆ ಎಂದು ಒಬ್ಬರು ಬಂದಿದ್ದರು. ಕೊಡಬಹುದೇ?
– ಓದುಗರು, ಮಾಲೂರು

ಒಂದು ರೂಪಾಯಿಯನ್ನೂ ಕೊಡಬೇಡಿ. ಯಾವ ಚಾನೆಲ್ ಎಷ್ಟು ಜನ ನೋಡುತ್ತಾರೆ ಎಂದು ಈ ಮೀಟರ್‌ಗಳಿಂದ ಅಳೆಯುವ ಬಾರ್ಕ್ ಸಂಸ್ಥೆಯೇ ಮನೆಗಳನ್ನು ಆರಿಸಿ ಗುಟ್ಟಾಗಿ ಇಡುತ್ತದೆ. ಮೀಟರ್ ಇದ್ದ ಮನೆಗಳಿಗೆ ಹಣ ಕೊಟ್ಟು ರೇಟಿಂಗ್ ತಿರುಚಿದ ಆರೋಪ 2020ರಲ್ಲಿ ಬಂದಾಗ ಸುದ್ದಿ ಚಾನೆಲ್‌ಗಳ ರೇಟಿಂಗ್ 2022ರ ಮಾರ್ಚ್‌ವರೆಗೆ ನಿಂತೇಹೋಗಿತ್ತು.

ಪ್ರಶ್ನೆ: ನಮ್ಮ ಚಾನೆಲ್‌ನ ವಿಡಿಯೊಗೆ 1 ಲಕ್ಷ ವ್ಯೂಸ್ ಬಂದಿದೆ. 1 ಲಕ್ಷ ಜನ ನೋಡಿದಂತೆ ಅಲ್ವಾ?
– ಯೂಟ್ಯೂಬರ್, ಗೌರಿಬಿದನೂರು

ಅಲ್ಲ. ಒಬ್ಬರೇ ಮತ್ತೆ ಮತ್ತೆ ನೋಡಿದ್ದೂ ಅದರಲ್ಲಿದೆ. ಶಾರ್ಟ್ಸ್ ಆದರೆ 2025ರ ಮಾರ್ಚ್ ಕೊನೆಯಿಂದ ವಿಡಿಯೊ ಶುರುವಾದರೂ ವ್ಯೂ ಎಂದೇ ಎಣಿಕೆ. ಸ್ಟುಡಿಯೊದಲ್ಲಿ ‘ಯೂನಿಕ್ ವ್ಯೂವರ್ಸ್’ ತೆರೆದು ನೋಡಿ.