ಯಾವ ಅಶ್ವಿನಿ? ಯಾವ ಗಣೇಶ್? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಸಂಘದ ರಾಜ್ಯೋತ್ಸವ ರಸಪ್ರಶ್ನೆಯಲ್ಲಿ ‘2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಕರ್ನಾಟಕದ ಅಶ್ವಿನಿ ಯಾರು?’ ಎಂದು ಕೇಳಿದ್ದೆವು. ಒಂದು ತಂಡ ಪೊನ್ನಪ್ಪ ಎಂದಿತು, ಇನ್ನೊಂದು ಅಕ್ಕುಂಜಿ, ಮತ್ತೊಂದು ನಾಚಪ್ಪ. ಜಗಳ ಇನ್ನೂ ಮುಗಿದಿಲ್ಲ. ಅಂಕ ಯಾರಿಗೆ?
– ಓದುಗರೊಬ್ಬರು, ಕಡೂರು

ಉತ್ತರ: ಮೊದಲ ಎರಡು ತಂಡಗಳಿಗೂ ಪೂರ್ತಿ ಅಂಕ ಕೊಡಿ. ತಪ್ಪಿರುವುದು ಪ್ರಶ್ನೆಯಲ್ಲಿ. ಆ ಅಕ್ಟೋಬರ್‌ನಲ್ಲಿ ಒಂದೇ ಊರಲ್ಲಿ, ಒಂದೇ ಕೂಟದಲ್ಲಿ ಇಬ್ಬರು ಅಶ್ವಿನಿಯರೂ ಚಿನ್ನ ಗೆದ್ದರು. ಅಕ್ಕುಂಜಿಯವರದ್ದು 4×400 ಮೀಟರ್ ರಿಲೇ. ಜೊತೆಗಿದ್ದವರು ಮಂಜೀತ್ ಕೌರ್, ಸಿನಿ ಜೋಸ್, ಮನ್‌ದೀಪ್ ಕೌರ್. ಪೊನ್ನಪ್ಪ ಅವರದ್ದು ಬ್ಯಾಡ್ಮಿಂಟನ್ ಮಹಿಳೆಯರ ಡಬಲ್ಸ್, ಜೊತೆಗಾರ್ತಿ ಜ್ವಾಲಾ ಗುಟ್ಟಾ. ಆದ್ದರಿಂದ ಕೂಟ ಮತ್ತು ವರ್ಷ ಹೇಳಿದರೆ ಸಾಲದು, ಸ್ಪರ್ಧೆಯ ಹೆಸರೂ ಪ್ರಶ್ನೆಯಲ್ಲೇ ಇರಬೇಕು. ‘ರಿಲೇಯಲ್ಲಿ’ ಎಂಬ ಒಂದು ಪದ ಸೇರಿಸಿದ್ದರೆ ಜಗಳವೇ ಇರುತ್ತಿರಲಿಲ್ಲ.

ಮುಂದಿನ ವರ್ಷಗಳಲ್ಲಿ ಇವರನ್ನು ಬೇರ್ಪಡಿಸುವುದು ಸುಲಭ. 2010ರ ನವೆಂಬರ್‌ನ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದವರು ಅಕ್ಕುಂಜಿ. 2011ರ ಉದ್ದೀಪನ ಮದ್ದಿನ ಪ್ರಕರಣದಲ್ಲಿ ನಿಷೇಧಕ್ಕೆ ಒಳಗಾದವರೂ ಅವರೇ. ಅದೇ 2011ರಲ್ಲಿ ಲಂಡನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜ್ವಾಲಾ ಜೊತೆ ಕಂಚು ಗೆದ್ದವರು ಪೊನ್ನಪ್ಪ. ನಿಷೇಧದ ಸುದ್ದಿ ಬರೆಯುವಾಗ ಬರೀ ‘ಅಶ್ವಿನಿ’ ಎಂದು ಬಿಟ್ಟರೆ ಏನೂ ಅರಿಯದ ಇನ್ನೊಬ್ಬರ ತಲೆಗೆ ಅದು ಬಂದು ಕೂರುತ್ತದೆ. ಹಾಗಾಗಿ ಇಂಥ ಕಡೆ ಪೂರ್ತಿ ಹೆಸರು ಬೇಕೇ ಬೇಕು.

ನಾಚಪ್ಪ ಅವರ ಕಾಲವೇ ಬೇರೆ. 1980ರ ದಶಕದಲ್ಲಿ ಪಿ.ಟಿ. ಉಷಾ ಅವರನ್ನು ಟ್ರ್ಯಾಕ್‌ನಲ್ಲಿ ಹಿಂದೆ ಹಾಕಿದ ಓಟಗಾರ್ತಿ ಅವರು. 1988ರ ಅರ್ಜುನ ಪ್ರಶಸ್ತಿ ಪಡೆದರು, ತೆಲುಗು ಸಿನಿಮಾದಲ್ಲಿ ನಾಯಕಿಯಾದರು. ದೆಹಲಿಯ ಪದಕ ಪಟ್ಟಿಯಲ್ಲಿ ಅವರನ್ನು ಹುಡುಕುವುದು ವ್ಯರ್ಥ, ಮೂರನೇ ತಂಡಕ್ಕೆ ಸೊನ್ನೆಯೇ ಗತಿ.

ಊರು ನೋಡಿ ತೀರ್ಮಾನಿಸುವವರಿಗೆ ಒಂದು ಎಚ್ಚರಿಕೆ. ಅಕ್ಕುಂಜಿಯವರ ಸಿದ್ದಾಪುರ ಇರುವುದು ಉಡುಪಿ ಜಿಲ್ಲೆಯಲ್ಲಿ. ಕೊಡಗಿನಲ್ಲೂ ಒಂದು ಸಿದ್ದಾಪುರ ಇದೆ, ಉತ್ತರ ಕನ್ನಡದಲ್ಲಿ ಇನ್ನೊಂದು. ಉಳಿದಿಬ್ಬರು ಅಶ್ವಿನಿಯರು ಕೊಡವರಾದ್ದರಿಂದ ಮೂವರನ್ನೂ ಕೊಡಗಿಗೆ ಸೇರಿಸಿಬಿಡುವವರು ಕಡಿಮೆಯೇನಿಲ್ಲ. ಮತ್ತೆ, ಪೊನ್ನಪ್ಪ ಎಂಬುದು ಆಟಗಾರ್ತಿಯ ತಂದೆಯ ಹೆಸರು. ‘ಪೊನ್ನಪ್ಪಗೆ ಚಿನ್ನ’ ಎಂದು ತಲೆಬರಹ ಕೊಟ್ಟರೆ ಪದಕ ಅಪ್ಪನ ಕೊರಳಿಗೆ ಹೋಗುತ್ತದೆ!

ಪ್ರಶ್ನೆ: ಕ್ರಿಕೆಟ್ ಮ್ಯಾಚ್ ರೆಫರಿ ಶ್ರೀನಾಥ್ ಅವರಿಗೂ ಟಿವಿಯಲ್ಲಿ ‘ಆದರ್ಶ ದಂಪತಿಗಳು’ ನಡೆಸಿಕೊಡುತ್ತಿದ್ದ ಶ್ರೀನಾಥ್ ಅವರಿಗೂ ನೆಂಟಸ್ತಿಕೆ ಇದೆಯೇ?
– ಓದುಗರೊಬ್ಬರು, ಸೊಲ್ಲಾಪುರ

ಉತ್ತರ: ಇಲ್ಲ. ಉದಯ ಟಿವಿಯಲ್ಲಿ ಆ ಕಾರ್ಯಕ್ರಮ ನಡೆಸಿದವರು ‘ಪ್ರಣಯರಾಜ’ ಶ್ರೀನಾಥ್. ಅವರ ಹುಟ್ಟುಹೆಸರು ನಾರಾಯಣಸ್ವಾಮಿ. ರಂಗಭೂಮಿಯ ಸಿ.ಆರ್. ಸಿಂಹ ಅವರ ಸಹೋದರ. ಸಿಂಹ ಅವರ ಇನಿಷಿಯಲ್ಲಿನ ‘ಸಿ’ ಎಂದರೆ ಚನ್ನಪಟ್ಟಣ. ಕ್ರಿಕೆಟಿಗರ ಹೆಸರಿನ ಜಾವಗಲ್ ಇರುವುದು ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ, ಅವರು ಹುಟ್ಟಿದ್ದು ಮೈಸೂರಿನಲ್ಲಿ, 1969ರಲ್ಲಿ. 67 ಟೆಸ್ಟ್‌ಗಳಲ್ಲಿ 236 ವಿಕೆಟ್, ಏಕದಿನದಲ್ಲಿ 315. ಐಸಿಸಿ ರೆಫರಿಯಾಗಿದ್ದು 2006ರಿಂದ. ಟಾಸ್ ವೇಳೆ ನಾಯಕರ ಪಕ್ಕ ಸುಮ್ಮನೆ ನಿಂತಿರುವ ಆ ಎತ್ತರದ ವ್ಯಕ್ತಿ ಇವರೇ.

ಪ್ರಶ್ನೆ: ದೊಡ್ಡ ಗಣೇಶ್, ಗೋಲ್ಡನ್ ಸ್ಟಾರ್ ಗಣೇಶ್ ಗೊತ್ತು. ಪದ್ಮಶ್ರೀ ಗಣೇಶ್ ಯಾರು?
– ಓದುಗರೊಬ್ಬರು, ಹಾವೇರಿ

ಉತ್ತರ: ಹಾಕಿಯ ಎಂ.ಪಿ. ಗಣೇಶ್. ಕೊಡಗಿನವರು. ಎಂ ಎಂದರೆ ಮನೆತನದ ಹೆಸರಾದ ಮೊಳ್ಳೇರ, ಪಿ ಎಂದರೆ ಪೂವಯ್ಯ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1973ರ ವಿಶ್ವಕಪ್‌ನಲ್ಲಿ ನಾಯಕ, ಫೈನಲ್‌ನಲ್ಲಿ ನೆದರ್ಲೆಂಡ್ಸ್ ಎದುರು ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಸೋತು ಬೆಳ್ಳಿ. ಪದ್ಮಶ್ರೀ ಬಂದದ್ದು 2020ರಲ್ಲಿ. ಮೂವರಲ್ಲಿ ಅತಿ ಕಡಿಮೆ ಜನಕ್ಕೆ ಗೊತ್ತಿರುವವರು ಇವರೇ ಎಂಬುದು ಬೇಸರದ ಸಂಗತಿ.

ವೇಗದ ಬೌಲರ್ ದೊಡ್ಡ ಗಣೇಶ್ 1997ರ ಜನವರಿಯಲ್ಲಿ ಕೇಪ್‌ಟೌನ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ಒಟ್ಟು 4 ಟೆಸ್ಟ್, 1 ಏಕದಿನ. ಅವರ ‘ದೊಡ್ಡ’ಕ್ಕೂ ಎತ್ತರಕ್ಕೂ ಸಂಬಂಧವಿಲ್ಲ, ಅದು ದೊಡ್ಡನರಸಯ್ಯ ಎಂಬುದರ ಮೊಟಕು. ನಟ ಗಣೇಶ್ ಮೊದಲು ಮನೆಮಾತಾದದ್ದು ಉದಯ ಟಿವಿಯ ‘ಕಾಮಿಡಿ ಟೈಮ್’ನಿಂದ. ನಾಯಕನಾದದ್ದು 2006ರಲ್ಲಿ.

ಪ್ರಶ್ನೆ: ಬಿಗ್ ಬಾಸ್ ಮನೆಯಲ್ಲಿದ್ದ ಅಯ್ಯಪ್ಪ, ಕರ್ನಾಟಕ ತಂಡದ ಬೌಲರ್ ಅಯ್ಯಪ್ಪ: ಇವರೂ ಇಬ್ಬರೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈ ಸಲ ಒಬ್ಬರೇ. ಎನ್.ಸಿ. ಅಯ್ಯಪ್ಪ, ಬಿಗ್ ಬಾಸ್ ಕನ್ನಡದ 3ನೇ ಆವೃತ್ತಿ. ‘ಕೆಜಿಎಫ್’ನಲ್ಲಿ ವಾನರಂ ಪಾತ್ರ ಮಾಡಿದ ಅಯ್ಯಪ್ಪ ಪಿ. ಶರ್ಮಾ ಮಾತ್ರ ಬೇರೆ.