ನೀವು ಕೇಳಿದ್ದು: ಕಾಮಿಕ್ಸ್ ಮೇಲೆ ಪಂಚಾಯ್ತಿ ನಡೆದ ವರ್ಷ

ಪ್ರಶ್ನೆ: ನನ್ನ ಮಗ ಆರನೇ ಕ್ಲಾಸು. ರಜೆಯಲ್ಲಿ ಅಟ್ಟ ಕ್ಲೀನ್ ಮಾಡುವಾಗ ನಮ್ಮ ಯಜಮಾನರ ಹಳೇ ಟ್ರಂಕ್ ಸಿಕ್ಕಿತು. ತುಂಬಾ ಕಾಮಿಕ್ಸ್. ಫ್ಯಾಂಟಮ್, ಮ್ಯಾಂಡ್ರೇಕ್, ಜೊತೆಗೆ ಇಂಗ್ಲಿಷಿನ ಎರಡು ಮೂರು ದೆವ್ವದ ಕಥೆಗಳು. ಅವತ್ತಿಂದ ಊಟಕ್ಕೆ ಕರೆದರೂ ಬರಲ್ಲ. ನಮ್ಮ ಮಾವನವರು "ಇದನ್ನೆಲ್ಲ ಓದಿದರೆ ಹುಡುಗ ಕೆಟ್ಟು ಕೆರ ಹಿಡಿತಾನೆ, ಗುಜರಿಗೆ ಹಾಕು" ಅಂತಾರೆ. ಅವರಿಗೆ ಎದುರು ಮಾತಾಡೋಕೂ ಆಗಲ್ಲ. ಕಾಮಿಕ್ಸ್ ಓದಿದರೆ ಮಕ್ಕಳು ನಿಜವಾಗಲೂ ಕೆಡುತ್ತಾರಾ?
(ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ)

ಉತ್ತರ: ಮೊದಲು ಆ ಟ್ರಂಕಿಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ತಿರ ಇಟ್ಟುಕೊಳ್ಳಿ ಅಕ್ಕಾ. ಮಗನಿಂದ ಕಾಯೋಕಲ್ಲ, ಗುಜರಿಯಿಂದ ಕಾಯೋಕೆ. ನಾನು ಎಸ್ಸೆಸ್ಸೆಲ್ಸಿ ಇದ್ದ ವರ್ಷ ನಮ್ಮಪ್ಪ ನನ್ನ ಕಾಮಿಕ್ಸನ್ನೆಲ್ಲ ಸೆಣಬಿನ ದಾರದಲ್ಲಿ ಕಟ್ಟಿ ರದ್ದಿಗೆ ಕೊಟ್ಟುಬಿಟ್ಟರು. ಎರಡು ವಾರ ಆದಮೇಲೆ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಖಾರಮಂಡಕ್ಕಿ ತಗೊಂಡೆ, ಜೊತೆಗೆ ಎರಡು ಮಿರ್ಚಿ. ಪೊಟ್ಟಣ ಬಿಚ್ಚಿದರೆ ಒಳಗಡೆ ಫ್ಯಾಂಟಮ್ಮು ಕುದುರೆ ಮೇಲೆ ಕೂತಿದ್ದ, ಅರ್ಧ ಮುಖ ಎಣ್ಣೆ ಕುಡಿದಿತ್ತು. ಅದು ನನ್ನದೇ ಪುಸ್ತಕದ ಹಾಳೆ ಅಂತ ಇವತ್ತಿಗೂ ನನ್ನ ನಂಬಿಕೆ.

ಈಗ ನಿಮ್ಮ ಮಾವನವರ ವಿಷಯ. ಅವರ ಭಯ ಹೊಸದೇನಲ್ಲ. ಇದೇ ಪ್ರಶ್ನೆ ಇಟ್ಟುಕೊಂಡು ಅಮೆರಿಕದಲ್ಲಿ ದೊಡ್ಡ ಪಂಚಾಯ್ತಿಯೇ ನಡೆದಿತ್ತು, 1954ರಲ್ಲಿ. ಕಾಮಿಕ್ಸ್ ಇತಿಹಾಸದಲ್ಲಿ ಒಂದೇ ಒಂದು ವರ್ಷ ಆರಿಸು ಅಂದರೆ ತುಂಬಾ ಜನ ಸೂಪರ್‌ಮ್ಯಾನ್ ಹುಟ್ಟಿದ 1938 ಅಂತಾರೆ. ನಾನಾದರೆ 1954 ಅಂತೀನಿ.

ಆಗ ಅಲ್ಲಿ ಟಿವಿ ಇನ್ನೂ ಹೊಸದು. ಹತ್ತು ಸೆಂಟ್ ಕೊಟ್ಟರೆ ಒಂದು ಕಾಮಿಕ್ಸ್ ಸಿಗುತ್ತಿತ್ತು, ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಓದುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೂಪರ್‌ಹೀರೋಗಳ ಮಾರುಕಟ್ಟೆ ಸ್ವಲ್ಪ ತಣ್ಣಗಾಗಿ, ಕ್ರೈಮ್ ಮತ್ತು ದೆವ್ವದ ಕಥೆಗಳು ಜೋರಾಗಿ ಓಡುತ್ತಿದ್ದವು. ಅದನ್ನು ನೋಡಿ ದೊಡ್ಡವರಿಗೆ ಗಾಬರಿ. 1948ರ ಹೊತ್ತಿಗೇ ಕೆಲವು ಊರುಗಳಲ್ಲಿ ಕಾಮಿಕ್ಸ್ ರಾಶಿ ಹಾಕಿ ಬೆಂಕಿ ಇಟ್ಟಿದ್ದರು, ಅದೂ ಮಕ್ಕಳ ಕೈಯಲ್ಲೇ. ಗುಜರಿಗೆ ಹಾಕು ಅಂದ ನಿಮ್ಮ ಮಾವನವರು ಎಷ್ಟೋ ವಾಸಿ ಬಿಡಿ.

ಆ ಬೆಂಕಿಗೆ ತುಪ್ಪ ಸುರಿದವರು ಫ್ರೆಡ್ರಿಕ್ ವರ್ಥಮ್ ಅನ್ನೋ ಮನೋವೈದ್ಯರು. ಇವರನ್ನು ಸುಮ್ನೆ ವಿಲನ್ ಮಾಡುವುದು ಸುಲಭ, ಆದರೆ ಮನುಷ್ಯ ಕೆಟ್ಟವರಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡ ಕಪ್ಪು ಜನರಿಗೆ ಅಂತಲೇ 1946ರಲ್ಲಿ ಕ್ಲಿನಿಕ್ ತೆಗೆದಿದ್ದರು. ಫೀಸು 25 ಸೆಂಟ್. ಶಾಲೆಗಳಲ್ಲಿ ಕಪ್ಪು ಬಿಳಿ ಮಕ್ಕಳನ್ನು ಬೇರೆ ಬೇರೆ ಕೂರಿಸುವುದು ತಪ್ಪು ಅಂತ ಕೋರ್ಟಿನಲ್ಲಿ ಸಾಕ್ಷಿ ಹೇಳಿದವರು. ಅಂಥವರು ದಾರಿ ತಪ್ಪಿದ ಮಕ್ಕಳನ್ನು ನೋಡುತ್ತಾ ನೋಡುತ್ತಾ ಒಂದು ತೀರ್ಮಾನಕ್ಕೆ ಬಂದರು. ಇವರೆಲ್ಲ ಕಾಮಿಕ್ಸ್ ಓದುತ್ತಾರೆ, ಹಾಗಾದರೆ ಕಾಮಿಕ್ಸೇ ಕಾರಣ! ಎಲ್ಲ ಮಕ್ಕಳೂ ಓದುತ್ತಿದ್ದ ಕಾಲದಲ್ಲಿ ಈ ಲೆಕ್ಕ ಹೇಗಿರುತ್ತೆ ಅಂದರೆ, ದಾವಣಗೆರೆಯಲ್ಲಿ ಪೊಲೀಸರು ಹಿಡಿದ ಹುಡುಗರೆಲ್ಲ ಬೆಣ್ಣೆದೋಸೆ ತಿಂದವರೇ, ಅದಕ್ಕೇ ಬೆಣ್ಣೆದೋಸೆ ಬಂದ್ ಮಾಡಿ ಅಂದ ಹಾಗೆ.

1954ರ ಏಪ್ರಿಲ್‌ನಲ್ಲಿ ಅವರ ಪುಸ್ತಕ ಬಂತು. ಅದೇ ತಿಂಗಳು 21, 22ನೇ ತಾರೀಕು ನ್ಯೂಯಾರ್ಕಿನಲ್ಲಿ ಸೆನೆಟ್, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆ, ಅದರ ಉಪಸಮಿತಿಯ ವಿಚಾರಣೆ. ವರ್ಥಮ್ ಬಂದು ಕೂತು, ಕಾಮಿಕ್ಸ್ ಉದ್ಯಮದ ಮುಂದೆ ಹಿಟ್ಲರ್ ಕೂಡ ಇನ್ನೂ ಕಲಿಯುವವನು ಅನ್ನೋ ಅರ್ಥದ ಮಾತು ಹೇಳಿಬಿಟ್ಟರು. ಅದೇ ದಿನ ಇಸಿ ಕಾಮಿಕ್ಸ್‌ನ ಮಾಲೀಕ ವಿಲಿಯಂ ಗೇನ್ಸ್ ತಾನಾಗಿಯೇ ಸಾಕ್ಷಿ ಹೇಳಲು ಬಂದ. ಇವನ ಅಪ್ಪ ಬೈಬಲ್ ಕಥೆಗಳನ್ನು ಚಿತ್ರದಲ್ಲಿ ಹೇಳೋಕೆ ಅಂತ ಶುರು ಮಾಡಿದ ಕಂಪನಿ ಅದು. ಮಗನ ಕೈಗೆ ಬಂದಮೇಲೆ ಸ್ಮಶಾನ, ಹೆಣ, ಕೊಡಲಿ.

ಸೆನೆಟರ್ ಕೆಫಾವರ್ ಒಂದು ಮುಖಪುಟ ಎತ್ತಿ ತೋರಿಸಿದರು. ಒಬ್ಬನ ಒಂದು ಕೈಯಲ್ಲಿ ಕೊಡಲಿ, ಇನ್ನೊಂದು ಕೈಯಲ್ಲಿ ಹೆಂಗಸಿನ ಕಡಿದ ತಲೆ. ಇದು ಸದಭಿರುಚಿನಾ ಅಂತ ಕೇಳಿದರು. ಹೌದು ಸಾರ್, ದೆವ್ವದ ಕಾಮಿಕ್ಸಿನ ಮುಖಪುಟಕ್ಕೆ ಇದು ಸರಿಯಾಗೇ ಇದೆ ಅಂದ ಗೇನ್ಸ್. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಅರ್ಧ ಬಚಾವ್. ತಲೆಯನ್ನು ಇನ್ನೂ ಸ್ವಲ್ಪ ಮೇಲೆ ಹಿಡಿದು ಕುತ್ತಿಗೆಯಿಂದ ರಕ್ತ ತೊಟ್ಟಿಕ್ಕುವುದು ಕಾಣೋ ಹಾಗೆ ಬರೆದಿದ್ದರೆ ಆಗ ಕೆಟ್ಟ ಅಭಿರುಚಿ ಆಗುತ್ತಿತ್ತು ಅಂತ ವಿವರಣೆ ಬೇರೆ ಕೊಟ್ಟ! ಮಾರನೇ ದಿನ ಪೇಪರಿನ ಮುಖಪುಟದಲ್ಲಿ ಇವನದೇ ಸುದ್ದಿ. ವರ್ಥಮ್ ಪುಸ್ತಕ ಮಾಡದ ಕೆಲಸವನ್ನು ಗೇನ್ಸ್ ಬಾಯಿ ಮಾಡಿತು.

ಮುಂದಿನದು ಮುಖ್ಯ ಅಕ್ಕಾ, ಮಾವನವರಿಗೆ ಹೇಳಬಹುದು. ವರ್ಥಮ್ ತೀರಿಕೊಂಡು ಎಷ್ಟೋ ವರ್ಷ ಆದಮೇಲೆ, 2010ರಲ್ಲಿ, ಅವರ ಕಾಗದ ಪತ್ರಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಂಶೋಧಕರಿಗೆ ನೋಡಲು ಸಿಕ್ಕವು. ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರೊಲ್ ಟಿಲ್ಲಿ ಅನ್ನೋ ಪ್ರಾಧ್ಯಾಪಕಿ ಅವನ್ನು ಪುಸ್ತಕದ ಪಕ್ಕ ಇಟ್ಟು ಸಾಲು ಸಾಲು ಹೋಲಿಸಿ 2012ರಲ್ಲಿ ಲೇಖನ ಬರೆದರು. ಮಕ್ಕಳು ಹೇಳಿದ ಮಾತನ್ನು ವರ್ಥಮ್ ತಿದ್ದಿದ್ದರು. ಬೇರೆ ಬೇರೆ ಮಕ್ಕಳನ್ನು ಸೇರಿಸಿ ಒಬ್ಬರನ್ನಾಗಿ ಮಾಡಿದ್ದರು. ಆ ಮಕ್ಕಳ ಜೀವನದಲ್ಲಿದ್ದ ಬೇರೆ ಕಷ್ಟಗಳನ್ನು ಬಿಟ್ಟು ಕಾಮಿಕ್ಸ್ ಒಂದನ್ನೇ ಮುಂದೆ ತಂದಿದ್ದರು. ಅಂದರೆ ಯಾವ ಸಾಕ್ಷಿ ನಂಬಿ ಒಂದು ದೇಶದ ಅಪ್ಪ ಅಮ್ಮಂದಿರು ಹೆದರಿದರೋ ಆ ಸಾಕ್ಷಿಯೇ ಸರಿ ಇರಲಿಲ್ಲ.

ಹಾಗಂತ ಎಲ್ಲ ಕಾಮಿಕ್ಸೂ ಎಲ್ಲ ವಯಸ್ಸಿಗೂ ಅಂತ ನಾನು ಹೇಳಲ್ಲ. ಆ ಇಂಗ್ಲಿಷ್ ದೆವ್ವದ ಪುಸ್ತಕಗಳನ್ನು ಒಂದು ಸಲ ನೀವೇ ತಿರುವಿ ಹಾಕಿ, ಬೇಡ ಅನಿಸಿದರೆ ಇನ್ನೊಂದು ನಾಲ್ಕು ವರ್ಷ ಪಕ್ಕಕ್ಕಿಡಿ. ಫ್ಯಾಂಟಮ್ ಕೊಡಿ. ಊಟದ ತಟ್ಟೆ ಮುಂದೆ ಮಾತ್ರ ಬೇಡ. ಮಾವನವರಿಗೆ ಎದುರು ಮಾತಾಡೋದು ಕಷ್ಟ ಅಂದಿರಿ, ಅದಕ್ಕೊಂದು ಉಪಾಯ ಇದೆ. ಹುಡುಗನಿಗೆ ಹೇಳಿ, ಅಜ್ಜನ ಪಕ್ಕ ಕೂತು ಗಟ್ಟಿಯಾಗಿ ಓದಲಿ. ಎರಡನೇ ದಿನ "ಆಮೇಲೆ ಏನಾಯ್ತೋ?" ಅಂತ ಅಜ್ಜನೇ ಕೇಳದಿದ್ದರೆ ನನಗೆ ಇನ್ನೊಂದು ಪತ್ರ ಬರೀರಿ.

ಪ್ರಶ್ನೆ: ಬೆಂಗಳೂರಿನ ಅವೆನ್ಯೂ ರೋಡಲ್ಲಿ ಹಳೇ ಅಮೆರಿಕನ್ ಕಾಮಿಕ್ಸ್ ಕೊಂಡೆ. ಎಲ್ಲದರ ಮುಖಪುಟದ ಮೂಲೆಯಲ್ಲೂ ಅಂಚೆ ಸ್ಟ್ಯಾಂಪಿನಂಥ ಒಂದು ಗುರುತು. ಹೊಸ ಪುಸ್ತಕಗಳಲ್ಲಿ ಅದಿಲ್ಲ. ಏನದು?
(ಕಾಲೇಜು ವಿದ್ಯಾರ್ಥಿ, ಚಿತ್ರದುರ್ಗ)

ಉತ್ತರ: ಅದು ಮೇಲಿನ ಕಥೆಯ ಉಳಿದ ಭಾಗ. ವಿಚಾರಣೆ ಆದಮೇಲೆ ಸರ್ಕಾರ ಕಾನೂನು ತರುವ ಮೊದಲೇ ತಾವೇ ಕಡಿವಾಣ ಹಾಕಿಕೊಂಡರೆ ವಾಸಿ ಅಂತ ಪ್ರಕಾಶಕರು 1954ರ ಸೆಪ್ಟೆಂಬರ್‌ನಲ್ಲಿ ಸಂಘ ಕಟ್ಟಿದರು. ಅಕ್ಟೋಬರ್ 26ಕ್ಕೆ ಕಾಮಿಕ್ಸ್ ಕೋಡ್ ಅನ್ನೋ ನಿಯಮಾವಳಿ ಬಂತು. ಅಚ್ಚಾಗುವ ಮೊದಲೇ ಪ್ರತಿ ಪುಟವನ್ನೂ ಅವರ ಕಚೇರಿಗೆ ಕಳಿಸಬೇಕು, ಪಾಸಾದರೆ ಆ ಮುದ್ರೆ. ಸಿನಿಮಾಕ್ಕೆ ಸೆನ್ಸಾರ್ ಸರ್ಟಿಫಿಕೇಟ್ ಇದ್ದ ಹಾಗೆ, ಆದರೆ ಇದು ಸರ್ಕಾರದ್ದಲ್ಲ. ಕಡ್ಡಾಯ ಅಂತ ಎಲ್ಲೂ ಬರೆದಿರಲಿಲ್ಲ. ಮುದ್ರೆ ಇಲ್ಲದಿದ್ದರೆ ವಿತರಕರು ಬಂಡಲ್ ಬಿಚ್ಚದೇ ವಾಪಸ್ ಕಳಿಸುತ್ತಿದ್ದರು ಅಷ್ಟೇ.

ನಿಯಮಗಳು ನಗು ತರಿಸುತ್ತವೆ. ಪುಸ್ತಕದ ಹೆಸರಿನಲ್ಲಿ "ಹಾರರ್", "ಟೆರರ್" ಅನ್ನೋ ಪದ ಇರಕೂಡದು. ರಕ್ತ ಕುಡಿಯುವ ಪಿಶಾಚಿ, ನಡೆದಾಡುವ ಹೆಣ, ತೋಳವಾಗುವ ಮನುಷ್ಯ, ಯಾವುದೂ ಬೇಡ. ಪೊಲೀಸರ, ಜಡ್ಜುಗಳ ಬಗ್ಗೆ ಅಗೌರವ ಹುಟ್ಟಬಾರದು. ಕಥೆ ಯಾವುದೇ ಇರಲಿ, ಒಳ್ಳೆಯದೇ ಗೆಲ್ಲಬೇಕು.

ನೀವು ದುರ್ಗದವರು, ಸ್ವಲ್ಪ ಯೋಚನೆ ಮಾಡಿ. ಒನಕೆ ಓಬವ್ವನ ಕಥೆಯನ್ನು ಆ ಕಚೇರಿಗೆ ಕಳಿಸಿದ್ದರೆ ಏನಾಗುತ್ತಿತ್ತು? ಗಂಡ ಊಟಕ್ಕೆ ಕೂತಿದ್ದಾನೆ, ನೀರಿಗೆ ಹೋದವಳು ಕಿಂಡಿಯಲ್ಲಿ ತಲೆ ತೂರಿಸಿದವನನ್ನು ಒನಕೆಯಲ್ಲಿ ಬಡಿದು ಪಕ್ಕಕ್ಕೆ ಎಳೆಯುತ್ತಾಳೆ, ಮತ್ತೊಬ್ಬ, ಮತ್ತೊಬ್ಬ. ರಕ್ತಪಾತ ಜಾಸ್ತಿ, ಹೆಣದ ರಾಶಿ ತೆಗೆಯಿರಿ ಅಂತ ಕೆಂಪು ಪೆನ್ಸಿಲಿನಲ್ಲಿ ಗೀಚಿ ವಾಪಸ್ ಕಳಿಸುತ್ತಿದ್ದರು. ಆಮೇಲೆ 1779ರಲ್ಲಿ ಕೋಟೆ ಹೈದರಾಲಿ ಪಾಲಾಯಿತು ಅನ್ನೋ ಕೊನೇ ಪುಟಕ್ಕೂ ಮುದ್ರೆ ಸಿಗುವುದು ಅನುಮಾನ. ಕಿಂಡಿ ಮಾತ್ರ ಪಾಸ್.

ನನಗೆ ಸಿಟ್ಟು ಬರುವುದು ಇನ್ನೊಂದು ಕಥೆ ಕೇಳಿದಾಗ. ಅದರಲ್ಲಿ ಒಬ್ಬ ಗಗನಯಾತ್ರಿ ರೋಬೋಟುಗಳ ಲೋಕಕ್ಕೆ ಹೋಗುತ್ತಾನೆ. ಅಲ್ಲಿ ಕಿತ್ತಳೆ ರೋಬೋಟು, ನೀಲಿ ರೋಬೋಟು, ಒಳಗೆಲ್ಲ ಒಂದೇ, ಆದರೂ ನೀಲಿಯವಕ್ಕೆ ಊರಿನ ಹಿಂದಿನ ಜಾಗ. ನೀವಿನ್ನೂ ನಮ್ಮ ಜೊತೆ ಸೇರುವ ಯೋಗ್ಯತೆ ಪಡೆದಿಲ್ಲ ಅಂತ ಹೇಳಿ ಅವನು ಹೊರಡುತ್ತಾನೆ. ಕೊನೇ ಚಿತ್ರದಲ್ಲಿ ಹೆಲ್ಮೆಟ್ ತೆಗೆದರೆ ಅವನು ಕಪ್ಪು ಮನುಷ್ಯ. ಇದು ಕೋಡಿಗೆ ಮೊದಲೇ ಬಂದಿದ್ದ ಕಥೆ, 1956ರಲ್ಲಿ ಗೇನ್ಸ್ ಮತ್ತೆ ಅಚ್ಚು ಹಾಕಲು ಹೋದಾಗ ಅವನು ಕಪ್ಪು ಇರಕೂಡದು ಅಂತ ಕೋಡ್ ಕಚೇರಿ ಅಡ್ಡ ಬಂತು. ಅವನು ಕಪ್ಪು ಅನ್ನುವುದೇ ಕಥೆ ಅಲ್ವಾ! ಗೇನ್ಸ್ ಜಗಳವಾಡಿ ಇದ್ದ ಹಾಗೇ ಅಚ್ಚು ಹಾಕಿದ. ಅದೇ ಇಸಿಯ ಕೊನೇ ಕಾಮಿಕ್ಸ್ ಪುಸ್ತಕ. ಕೊಡಲಿ ಚಿತ್ರದಲ್ಲಿ ಮೂರ್ಖನಂತೆ ಕಂಡ ಮನುಷ್ಯನಿಗೆ ಇಲ್ಲಿ ಕೈ ಮುಗಿಯಬೇಕು ಅನಿಸುತ್ತೆ. ಅಷ್ಟರಲ್ಲಿ ತನ್ನ ತಮಾಷೆ ಕಾಮಿಕ್ಸ್ "ಮ್ಯಾಡ್" ಅನ್ನು 1955ರಲ್ಲೇ ಮ್ಯಾಗಜೀನ್ ಮಾಡಿಕೊಂಡಿದ್ದ. ಮ್ಯಾಗಜೀನಿಗೆ ಕೋಡ್ ತಟ್ಟುವುದಿಲ್ಲ. ಅದು ದಶಕಗಳ ಕಾಲ ಓಡಿತು.

ಮುದ್ರೆ ಹೋಗಿದ್ದು ನಿಧಾನವಾಗಿ. ಡ್ರಗ್ಸ್ ಚಟದ ವಿರುದ್ಧ ಕಥೆ ಮಾಡಿ ಅಂತ ಸರ್ಕಾರದ ಇಲಾಖೆಯೇ ಕೇಳಿಕೊಂಡಿತ್ತು. ಮಾರ್ವೆಲ್ ಕಂಪನಿಯ ಸ್ಟ್ಯಾನ್ ಲೀ 1971ರಲ್ಲಿ ಸ್ಪೈಡರ್‌ಮ್ಯಾನ್‌ನ ಮೂರು ಸಂಚಿಕೆಯಲ್ಲಿ ಮಾಡಿದರು. ಡ್ರಗ್ಸ್ ಅನ್ನೋ ಕಾರಣಕ್ಕೆ ಕೋಡಿನವರು ಒಪ್ಪಲಿಲ್ಲ. ಮಾರ್ವೆಲ್ ಮುದ್ರೆ ಇಲ್ಲದೇ ಬಿಟ್ಟಿತು, ಆಕಾಶವೇನೂ ಕಳಚಿ ಬೀಳಲಿಲ್ಲ. ಅದೇ ವರ್ಷ ನಿಯಮ ಸಡಿಲವಾಯಿತು, ಡ್ರಾಕುಲಾ ತರದವರಿಗೆ ಪ್ರವೇಶ ಸಿಕ್ಕಿತು. 2001ರಲ್ಲಿ ಮಾರ್ವೆಲ್ ಹೊರಗೆ ಬಂತು. 2011ರಲ್ಲಿ ಡಿಸಿ, ಅದರ ಹಿಂದೆಯೇ ಆರ್ಚಿ. ಅಲ್ಲಿಗೆ ಮುಗಿಯಿತು. ನಿಮ್ಮ ಪುಸ್ತಕಗಳನ್ನು ಜೋಪಾನ ಮಾಡಿ, ಆ ಮೂಲೆ ಹರಿಯಬೇಡಿ.

ಪ್ರಶ್ನೆ: ನಾನು ಮಕ್ಕಳ ಪುಸ್ತಕ, ಕಾಮಿಕ್ಸ್ ಬಾಡಿಗೆಗೆ ಕೊಡುತ್ತೇನೆ. ಒಬ್ಬರು ಬಂದು ಇದರ ಮೇಲೆ ಕೇಸ್ ಹಾಕಬಹುದು ಅಂತ ಹೆದರಿಸಿ ಹೋದರು. ಹಾಗೂ ಉಂಟಾ?
(ಅಂಗಡಿಯವರು, ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: ನಕ್ಕು ಬಿಡೋಣ ಅಂದುಕೊಂಡೆ, ಆದರೆ ಅವರು ಪೂರ್ತಿ ಸುಳ್ಳು ಹೇಳಿಲ್ಲ. 1954ರ ಗಾಳಿ ಅಮೆರಿಕಕ್ಕೇ ನಿಲ್ಲಲಿಲ್ಲ. ಬ್ರಿಟನ್ 1955ರಲ್ಲಿ ಒಂದು ಕಾಯ್ದೆ ತಂತು. ಮರುವರ್ಷವೇ ನಮ್ಮ ಸಂಸತ್ತೂ ತಂತು, ಎಳೆಯರಿಗೆ ಹಾನಿ ಮಾಡುವ ಪ್ರಕಟಣೆಗಳ ಕಾಯ್ದೆ, 1956. ಕಾಮಿಕ್ಸ್ ಅನ್ನೋ ಹೆಸರು ಎತ್ತದೆಯೇ, ಪೂರ್ತಿ ಚಿತ್ರದಲ್ಲೇ ಹೇಳಿದ ಕಥೆಯನ್ನೂ ಅದರಲ್ಲಿ ಸೇರಿಸಿದ್ದಾರೆ. ಮಾರುವವರು ಮಾತ್ರ ಅಲ್ಲ, ಬಾಡಿಗೆಗೆ ಕೊಡುವವರೂ ಬರುತ್ತಾರೆ, ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಎಳೆಯರು ಅಂದರೆ 20 ವರ್ಷದ ಒಳಗಿನವರು, ಅಂದರೆ ಮತ ಹಾಕಿ ಬಂದ ಹುಡುಗನೂ ಅದರ ಲೆಕ್ಕದಲ್ಲಿ ಎಳೆಮಗು.

ಆದರೆ ಗಾಬರಿ ಬೇಡ. ಅಪರಾಧ, ಹಿಂಸೆ, ಭಯಾನಕ ಘಟನೆಗಳನ್ನು ತೋರಿಸಿ ಓದುವವರನ್ನು ಕೆಡಿಸುವಂತಿರಬೇಕು, ಅದೂ ಒಂದು ಪುಟ ಅಲ್ಲ, ಪುಸ್ತಕವನ್ನು ಒಟ್ಟಾಗಿ ನೋಡಿದಾಗ. ನಿಮ್ಮ ಅಂಗಡಿಯ ಅಮರ ಚಿತ್ರಕಥೆಗೂ ಟಿಂಕಲ್‌ಗೂ ಇದಕ್ಕೂ ಏನು ಸಂಬಂಧ? ಹೆದರಿಸಿದವರು ಹಳೇ ಬಾಡಿಗೆ ಬಾಕಿ ಇಟ್ಟಿದ್ದಾರಾ ನೋಡಿ.

ಪ್ರಶ್ನೆ: ಕಾಮಿಕ್ಸ್ ಅಂದರೆ ಇಂಗ್ಲಿಷಿನವರದು, ಕನ್ನಡಕ್ಕೆ ಬಂದಿದ್ದೆಲ್ಲ ಆಮೇಲೆ ಅಂತ ನನ್ನ ಗೆಳೆಯನ ವಾದ. ಬೆಣ್ಣೆದೋಸೆ ಬೆಟ್ ಕಟ್ಟಿದ್ದೇವೆ.
(ಇಬ್ಬರು ಗೆಳೆಯರು, ದಾವಣಗೆರೆ)

ಉತ್ತರ: ಅಮರ ಚಿತ್ರಕಥೆಯ ಇಂಗ್ಲಿಷ್ ಸರಣಿಯಲ್ಲಿ "ಕೃಷ್ಣ" ಮೊದಲನೇ ಪುಸ್ತಕ, ಆದರೆ ಮೊದಲು ಬಂದಾಗ ಅದರ ಮೇಲಿದ್ದ ನಂಬರ್ 11. ಮೊದಲ ಹತ್ತು ಎಲ್ಲಿ ಹೋದವು? ಅವು ಕನ್ನಡದಲ್ಲಿದ್ದವು. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಲ್ಲಿ ಸಿಂಡ್ರೆಲಾ ತರದ ಪಾಶ್ಚಾತ್ಯ ಕಥೆಗಳು ಕನ್ನಡದಲ್ಲಿ ಬಂದವು. ಆಮೇಲೆ ನಮ್ಮ ಪುರಾಣದ ಕಥೆಗಳನ್ನು ಹಿಡಿದು ಸರಣಿ ಬೆಳೆಸಿದ ಅನಂತ ಪೈ ಕೂಡ ಕಾರ್ಕಳದವರೇ. ಇಡೀ ಕಾಮಿಕ್ಸ್ ಅನ್ನೋ ಪ್ರಕಾರದ ಮಾತಾದರೆ ನಿಮ್ಮ ಗೆಳೆಯ ಸರಿ. ಅಮರ ಚಿತ್ರಕಥೆ ಮಾತಾದರೆ ನೀವು ಸರಿ. ಒಂದೊಂದು ಪ್ಲೇಟ್ ಇಬ್ಬರೂ ಕೊಡಿಸಿ, ಆಲೂಗಡ್ಡೆ ಪಲ್ಯ ಜಾಸ್ತಿ ಹಾಕಿಸಿಕೊಳ್ಳಿ.