‘ನೈಟ್ ಆಫ್ ದ ಲಿವಿಂಗ್ ಡೆಡ್’: ಯಾವ ಡಿಸ್ಕ್ ತಗೊಳ್ಳೋದು?

ಸರ್, ನೀವು ಕೇಳಿದ್ದು ಎದ್ದು ಬರುವ ಹೆಣಗಳ ಅಮೆರಿಕನ್ ಭಯದ ಸಿನಿಮಾ, 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಬಗ್ಗೆ. ಯೂಟ್ಯೂಬ್‌ನಲ್ಲಿ ಬಿಟ್ಟಿ ಸಿಕ್ಕಿದ ಕಾಪಿ ಸ್ವಲ್ಪ ನೋಡಿದ್ದೀರಿ. ರಾತ್ರಿ ದೃಶ್ಯದಲ್ಲಿ ಮುಖವೇ ಕಾಣಲಿಲ್ಲ, ಮಾತು ಬಿಂದಿಗೆಯೊಳಗಿಂದ ಬಂದ ಹಾಗಿತ್ತು ಅಂತ ಬರೆದಿದ್ದೀರಿ. ದುಡ್ಡು ಕೊಟ್ಟು ಡಿಸ್ಕ್ ತರಿಸಿದರೆ ಸರಿಹೋಗುತ್ತಾ, ಇಲ್ಲಾ ಸಿನಿಮಾನೇ ಹಾಗಾ ಅನ್ನೋದು ಪ್ರಶ್ನೆ.

ಸರಿಹೋಗುತ್ತದೆ. ಆದರೆ ಕಣ್ಣು ಮುಚ್ಚಿಕೊಂಡು ಯಾವುದೋ ಒಂದನ್ನು ತರಿಸಿದರೆ ಮತ್ತೆ ಅದೇ ಮಸಿ. ನನಗೆ ಎರಡು ಸಲ ಹಾಗಾಗಿದೆ.

ಈ ಸಿನಿಮಾಗೆ ಇಷ್ಟೊಂದು ಕೆಟ್ಟ ಕಾಪಿ ಯಾಕಿದೆ ಅಂತ ಮೊದಲು ಹೇಳಿಬಿಡ್ತೀನಿ. ಅದು ಗೊತ್ತಿದ್ದರೆ ಕೊಳ್ಳುವಾಗ ಮೋಸ ಹೋಗಲ್ಲ. ಇದರ ಮೊದಲಿನ ಹೆಸರು ‘ನೈಟ್ ಆಫ್ ದ ಫ್ಲೆಶ್ ಈಟರ್ಸ್’. ವಿತರಕರು ಹೆಸರು ಬದಲಿಸಿದರು. ಕಾಪಿರೈಟ್ ಸಾಲು ಇದ್ದದ್ದು ಹಳೇ ಹೆಸರಿನ ಕಾರ್ಡ್ ಮೇಲೆ. ಹೊಸ ಕಾರ್ಡ್ ಮೇಲೆ ಆ ಸಾಲು ಬರಲೇ ಇಲ್ಲ. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಒಂದು ಸಾಲಿಲ್ಲದೆ ಬಿಡುಗಡೆಯಾದರೆ ಹಕ್ಕು ಕೈಬಿಟ್ಟ ಹಾಗೇ. ಹೀಗಾಗಿ ಸಿನಿಮಾ ಊರ ಹುಣಸೇಮರ ಆಯ್ತು. ಕೈಗೆ ಯಾವ ಪ್ರಿಂಟ್ ಸಿಕ್ಕಿತೋ ಅದರಿಂದಲೇ ಯಾರು ಬೇಕಾದರೂ ಟೇಪ್ ಮಾಡಿದರು. ಆ ಟೇಪಿನಿಂದ ಡಿವಿಡಿ, ಆ ಡಿವಿಡಿಯಿಂದ ಯೂಟ್ಯೂಬ್. ಪಹಣಿಯ ಜೆರಾಕ್ಸ್, ಅದರ ಜೆರಾಕ್ಸ್, ಅದರದ್ದೂ ಜೆರಾಕ್ಸ್ ತೆಗೆದರೆ ಸರ್ವೆ ನಂಬರೇ ಓದಲು ಬರಲ್ಲ ಅಲ್ವಾ, ಅದೇ ಕಥೆ.

ಚಿತ್ರೀಕರಣ ಮಾತ್ರ ಹಾಗೆ ಇರಲಿಲ್ಲ. ನಿರ್ದೇಶಕ ಜಾರ್ಜ್ ರೊಮೆರೊ ಮತ್ತು ಗೆಳೆಯರು ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರ ಮಾಡಿಕೊಂಡಿದ್ದವರು. ದುಡ್ಡು ಕಮ್ಮಿ, ಆದರೆ ಕೆಲಸ ಗೊತ್ತಿತ್ತು. 35 ಎಂಎಂ ಕಪ್ಪು ಬಿಳುಪು ಫಿಲ್ಮ್‌ನಲ್ಲಿ ತೆಗೆದರು. ಕ್ಯಾಮೆರಾ ಹಿಡಿದವರು ರೊಮೆರೊ ಅವರೇ. ಮೂಲ ನೆಗೆಟಿವ್ ಉಳಿದುಕೊಂಡಿತ್ತು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಹಳೇ ಸಿನಿಮಾ ಉಳಿಸುವ ಸಂಸ್ಥೆ ಫಿಲ್ಮ್ ಫೌಂಡೇಶನ್ ಸೇರಿ ಅದರಿಂದಲೇ 4ಕೆ ರಿಸ್ಟೊರೇಶನ್ (ತುಂಬಾ ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ ಹಾಳಾದದ್ದನ್ನು ಸರಿಪಡಿಸುವ ಕೆಲಸ) ಮಾಡಿಸಿ 2016ರಲ್ಲಿ ತೋರಿಸಿದವು. ರೊಮೆರೊ ಆಗ ಬದುಕಿದ್ದರು, ಅವರ ಉಸ್ತುವಾರಿಯೂ ಇತ್ತು. ಮರುವರ್ಷ ತೀರಿಕೊಂಡರು. ಇದೇ ರಿಸ್ಟೊರೇಶನ್ ಅನ್ನು ಕ್ರೈಟೀರಿಯನ್ ಕಂಪನಿ 2018ರಲ್ಲಿ ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟವಾದ ಡಿಸ್ಕ್) ಆಗಿ, 2022ರಲ್ಲಿ 4ಕೆ ಡಿಸ್ಕ್ ಆಗಿ ತಂದಿತು. ನೀವು ಹುಡುಕಬೇಕಾದ್ದು ಇದನ್ನೇ.

ಕವರ್ ಮೇಲಿನ ‘ರೀಮಾಸ್ಟರ್ಡ್’ (ಹೊಸದಾಗಿ ಸರಿಪಡಿಸಿದ್ದು) ಅನ್ನೋ ಪದಕ್ಕೆ ಬೆಲೆ ಕೊಡಬೇಡಿ. ನಾನು ಆನ್‌ಲೈನಲ್ಲಿ ಒಬ್ಬರ ಹತ್ತಿರ ತಗೊಂಡ ಡಿಸ್ಕ್ ಮೇಲೆ ಹೊಳೆಯುವ ಅಕ್ಷರದಲ್ಲಿ ಅದೇ ಇತ್ತು. ಹಾಕಿ ನೋಡಿದರೆ ಚಿತ್ರದ ಕೆಳ ಅಂಚಿನಲ್ಲಿ ವಿಡಿಯೊ ಟೇಪಿನ ಗೆರೆ ನಡುಗುತ್ತಾ ಇತ್ತು! ಟೇಪನ್ನೇ ಹಿಗ್ಗಿಸಿ ಬ್ಲೂ-ರೇ ಮಾಡಿದ್ದರು. ಯಾವುದರಿಂದ ಸ್ಕ್ಯಾನ್ ಮಾಡಿದ್ದು ಅಂತ ಕವರ್ ಹಿಂದೆ ಓದಿ. ಮೂಲ ಕ್ಯಾಮೆರಾ ನೆಗೆಟಿವ್ ಅಂತ ಇಲ್ಲದಿದ್ದರೆ ವಾಪಸ್ ಇಡಿ. ಕಲರ್ ಡಿಸ್ಕ್ ಸಿಕ್ಕರೂ ಬೇಡ. 1986ರಲ್ಲಿ ಬಣ್ಣ ಬಳಿದ ಕಾಪಿಯಲ್ಲಿ ಹೆಣಗಳೆಲ್ಲ ಹಸಿರು. 30ನೇ ವರ್ಷದ ಹೆಸರಲ್ಲಿ ಬಂದ ಇನ್ನೊಂದಿದೆ. ಅದರಲ್ಲಿ ಹೊಸ ದೃಶ್ಯ, ಹೊಸ ಸಂಗೀತ ತುರುಕಿದ್ದಾರೆ. ರೊಮೆರೊಗೂ ಅದಕ್ಕೂ ಸಂಬಂಧವಿಲ್ಲ.

ಕಾಪಿ ಒಳ್ಳೆಯದಾ ಅಂತ ನೋಡಲು ಮೊದಲ ಹತ್ತು ನಿಮಿಷ ಸಾಕು. ಸ್ಮಶಾನಕ್ಕೆ ಕಾರು ಬರುತ್ತದೆ, ಅದರಲ್ಲಿ ಜಾನಿ, ಅವನ ತಂಗಿ ಬಾರ್ಬರಾ. ಕೆಟ್ಟ ಕಾಪಿಯಲ್ಲಿ ಆಕಾಶ ಸುಣ್ಣ ಬಳಿದ ಹಾಗೆ, ಮರಗಳು ಕಪ್ಪು ಮುದ್ದೆ. ಒಳ್ಳೆಯದರಲ್ಲಿ ಸಣ್ಣ ರೆಂಬೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಜಾನಿ ಹಾಕಿಕೊಳ್ಳುವ ಕರಿ ಕೈಗವಸು ನೋಡಿ. ಅದರ ಮಡಿಕೆ ಕಾಣಬೇಕು. ಬಾರ್ಬರಾ ಕೋಟಿನ ಬಟ್ಟೆಯ ನೇಯ್ಗೆ ಕಾಣಬೇಕು.

ಆಮೇಲೆ ಮನೆಯೊಳಗೆ ಬೆನ್ ಹಲಗೆ ಹೊಡೆದು ಕಿಟಕಿ ಮುಚ್ಚುವ ದೃಶ್ಯ. ಬೆನ್ ಪಾತ್ರ ಮಾಡಿದ ಡ್ವೇನ್ ಜೋನ್ಸ್ ಕಪ್ಪು ಜನಾಂಗದ ನಟ. ಆ ಕಾಲಕ್ಕೆ ಅಂಥವರನ್ನು ನಾಯಕನಾಗಿ ಹಾಕಿದ್ದೇ ದೊಡ್ಡ ವಿಷಯ. ಹಳೇ ಕಾಪಿಗಳಲ್ಲಿ ಅವರ ಮುಖ ಕತ್ತಲಲ್ಲಿ ಮುಳುಗಿಹೋಗುತ್ತದೆ. ಕಣ್ಣು, ಹಲ್ಲು ಬಿಟ್ಟರೆ ಏನೂ ಇಲ್ಲ. ಹೊಸ ಡಿಸ್ಕಲ್ಲಿ ಹಣೆಯ ಬೆವರಿನ ಹೊಳಪು, ಕೆನ್ನೆ ಬಿಗಿಯಾಗುವುದು ಎಲ್ಲಾ ಕಾಣುತ್ತದೆ. ಅವರು ಎಷ್ಟು ಒಳ್ಳೆಯ ನಟ ಅಂತ ನನಗೆ ಗೊತ್ತಾಗಿದ್ದೇ ಆವಾಗ. ಅಲ್ಲಿವರೆಗೆ ಹತ್ತು ವರ್ಷ ಸುಮ್ನೆ ಅವರ ನೆರಳು ನೋಡಿದ್ದೆ.

ಇನ್ನು ರೀಜನ್ ವಿಷಯ, ಅಂದರೆ ಯಾವ ದೇಶದ ಪ್ಲೇಯರಲ್ಲಿ ಡಿಸ್ಕ್ ಓಡುತ್ತೆ ಅನ್ನೋ ಗುರುತು. ಬ್ಲೂ-ರೇಯಲ್ಲಿ ಅಮೆರಿಕ ಎ, ನಾವು ಸಿ. ಅಲ್ಲಿಂದ ತರಿಸಿದ ಬ್ಲೂ-ರೇ ಇಲ್ಲಿನ ಮಾಮೂಲಿ ಪ್ಲೇಯರಲ್ಲಿ ಓಡುವುದಿಲ್ಲ. 4ಕೆ ಡಿಸ್ಕ್‌ಗೆ ರೀಜನ್ ಕಾಟ ಇಲ್ಲ. ಅದಕ್ಕೇ ನನ್ನ ಸಲಹೆ ಸ್ವಲ್ಪ ಉಲ್ಟಾ. ನಿಮ್ಮದು 43 ಇಂಚಿನ ಟಿವಿ, ಹತ್ತಡಿ ದೂರ ಕೂರುತ್ತೀರಿ ಅಂದಿರಿ. ಆ ಅಳತೆಗೆ ಬ್ಲೂ-ರೇಗೂ 4ಕೆಗೂ ಹೆಚ್ಚು ವ್ಯತ್ಯಾಸ ಕಾಣಲ್ಲ. ಆದರೂ 4ಕೆ ಪ್ಲೇಯರ್ ಇದ್ದರೆ 4ಕೆ ಡಿಸ್ಕನ್ನೇ ತಗೊಳ್ಳಿ. ಇಲ್ಲಿ ಓಡುವುದು ಅದೇ. ಆ ಪೆಟ್ಟಿಗೆಯಲ್ಲಿ ಬ್ಲೂ-ರೇಗಳೂ ಬರುತ್ತವೆ. ಹೆಚ್ಚುವರಿ ವಿಡಿಯೊಗಳು ಅದರಲ್ಲಿರುತ್ತವೆ, ಅದಕ್ಕೆ ಮಾತ್ರ ಎ ರೀಜನ್ ಪ್ಲೇಯರ್ ಬೇಕು. ಆರ್ಡರ್ ಮಾಡುವ ಮುಂಚೆ ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ಡಿಸ್ಕ್ ರೇಟ್ ಮಾತ್ರ ನೋಡಿ ಖುಷಿಪಡಬೇಡಿ.

ಡಿಸ್ಕ್ ಬಂದ ಮೇಲೆ ಟಿವಿಯೇ ಅದನ್ನು ಹಾಳು ಮಾಡಬಹುದು. ಪಿಕ್ಚರ್ ಮೋಡ್ ಸಿನಿಮಾ ಅಥವಾ ಫಿಲ್ಮ್‌ಮೇಕರ್‌ಗೆ ಇಡಿ. ಮೋಶನ್ ಸ್ಮೂದಿಂಗ್ (ಚಲನೆಯನ್ನು ಟಿವಿಯೇ ನುಣುಪು ಮಾಡುವ ಸೆಟ್ಟಿಂಗ್) ಆಫ್ ಮಾಡಿ, ಇಲ್ಲದಿದ್ದರೆ ಹೆಣಗಳು ಧಾರಾವಾಹಿಯ ಅತ್ತೆ ಸೊಸೆಯರ ಹಾಗೆ ಜಾರಿಕೊಂಡು ಓಡಾಡುತ್ತವೆ. ಶಾರ್ಪ್‌ನೆಸ್ ಕಮ್ಮಿ ಮಾಡಿ. ನಾಯ್ಸ್ ರಿಡಕ್ಷನ್ ಕೂಡ ಆಫ್. ಚಿತ್ರದ ಮೇಲೆ ಸಣ್ಣ ಮರಳು ಆಡಿದ ಹಾಗೆ ಕಾಣುವುದು ಕೊಳೆಯಲ್ಲ, ಅದು ಫಿಲ್ಮಿನ ಕಣ. ಅದನ್ನು ಒರೆಸಿದರೆ ಜನರ ಮುಖ ಮೇಣದ ಗೊಂಬೆ. ಎರಡು ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಸಿನಿಮಾದ ಅಳತೆಯೇ ಹಾಗೆ, ಸುಮಾರು ಹಳೇ ಟಿವಿ ಆಕಾರ. ಟಿವಿ ತುಂಬಲಿ ಅಂತ ಎಳೆದರೆ ಎಲ್ಲರೂ ದಪ್ಪ. ನಮ್ಮ ಮಾವ ಬಂದಾಗಲೆಲ್ಲ ರಿಮೋಟ್ ತಗೊಂಡು ಎಳೆಯುತ್ತಾರೆ, ನಾನು ಟೀ ತರಲು ಎದ್ದರೆ ಸಾಕು.

ಸೌಂಡ್ ಮೊನೊ, ಅಂದರೆ ಒಂದೇ ಚಾನೆಲ್. ಸೌಂಡ್‌ಬಾರ್ ಸರೌಂಡ್ ಮೋಡ್ ತೆಗೆದು ಸ್ಟ್ಯಾಂಡರ್ಡ್ ಇಡಿ, ಮಾತು ಸ್ಪಷ್ಟವಾಗಿ ಬರುತ್ತದೆ. ಬಿಂದಿಗೆ ಸದ್ದು ಇರಲ್ಲ.

ಒಂದು ಬಾಕಿ. ಕೊನೆಯಲ್ಲಿ ಹೆಸರುಗಳ ಜೊತೆ ಸ್ಥಿರ ಫೋಟೊಗಳು ಬರುತ್ತವೆ, ಪೇಪರಿನಲ್ಲಿ ಅಚ್ಚಾದ ಫೋಟೊ ತರ ಒರಟಾಗಿ. ಡಿಸ್ಕ್ ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸಬೇಡಿ, ಬೇಕಂತಲೇ ಹಾಗೆ ಮಾಡಿದ್ದಾರೆ. ಯಾಕೆ ಅಂತ ಇಲ್ಲಿ ಹೇಳಲ್ಲ, ನೀವಿನ್ನೂ ಪೂರ್ತಿ ನೋಡಿಲ್ಲ ಅಂದಿರಲ್ಲ. ನಿಮ್ಮ ಪ್ಲೇಯರಿನ ಮಾಡೆಲ್ ಹಾಕಿ, 4ಕೆ ಓಡುತ್ತಾ ನೋಡಿ ಹೇಳ್ತೀನಿ.